ಪಾದರಕ್ಷೆಯ ಬೆಲೆ ಮತ್ತು ಮೌಲ್ಯ

ಅಗ್ಗವಾದ ವಸ್ತುವನ್ನು ಕಂಡಾಗ ಅದರ ಉಳಿದ ಬೆಲೆಯನ್ನು ತೆತ್ತವರು ಯಾರೆಂದು ವಿಚಾರಿಸುವುದು ವಿವೇಕಿಗಳ ಲಕ್ಷಣ. ಪಾದರಕ್ಷೆಯ ಚರಿತ್ರೆ ಇದಕ್ಕೊಂದು ನಿದರ್ಶನ.

ಚಿನಕುರಳಿ ಸೀಮೆಯೂ ಸೇರಿದಂತೆ ಹಳೆಯ ಮೈಸೂರಿನ ಗ್ರಾಮಗಳಲ್ಲಿ ಹಿಂದೆ ಕೆರಕ್ಕೆ ಅಂಗಡಿಯ ಧಾರಣೆ ಇರಲಿಲ್ಲ. ಚರ್ಮಕಾರನು ರೈತನಿಗೆ ಕೆರ, ಮಿಣಿ, ಕಪಿಲೆಯ ಬಾನಿಗಳನ್ನು ಒದಗಿಸಿ, ಸುಗ್ಗಿಯಲ್ಲಿ ಕಣದಿಂದ ಆಯದ ಧಾನ್ಯವನ್ನು ಪಡೆಯುತ್ತಿದ್ದನು. ಹಸಿಯ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಯಿಟ್ಟು, ರೋಮ ತೆಗೆದು, ತಂಗಡಿಯ ತೊಗಟೆಯ ರಸದಲ್ಲಿ ದಿನಗಟ್ಟಲೆ ಹದಗೊಳಿಸಿ, ಪಾದದ ಅಳತೆಗೆ ಕೊಯ್ದು ಹೊಲಿಯುವ ಶ್ರಮ ಸಾಮಾನ್ಯವಾದುದಲ್ಲ. ಹರಿದರೆ ಅದೇ ಕೈ ಮತ್ತೆ ಹೊಲಿಯುತ್ತಿತ್ತು. ಆದರೆ ಊರಿಗೆಲ್ಲ ಕೆರ ಮಾಡಿಕೊಟ್ಟವನೇ ಮೇಲುಜಾತಿಯವರ ಬೀದಿಯಲ್ಲಿ ತನ್ನ ಕೆರವನ್ನು ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಾದ ಊರುಗಳು ನಾಡಿನಲ್ಲಿ ಎಷ್ಟೋ ಇದ್ದುವು. ಕಣದ ಲೆಕ್ಕಕ್ಕೆ ಸೇರದ ಈ ಅವಮಾನವೂ ಆ ಕೆರದ ಬೆಲೆಯೇ ಆಗಿತ್ತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಬಸವಣ್ಣನವರಿಗೆ ಅರ್ಪಿಸಿದರೆಂದೂ, ಅವನ್ನು ಮೆಟ್ಟುವ ಯೋಗ್ಯತೆ ತಮಗಿಲ್ಲವೆಂದು ಅವರು ತಲೆಯ ಮೇಲಿರಿಸಿಕೊಂಡರೆಂದೂ ಪ್ರತೀತಿ. ಆ ಕಥೆಯನ್ನು ಭಕ್ತಿಯಿಂದ ಕೇಳಿದ ನಾವೇ ಕೆರ ಹೊಲಿದವನನ್ನು ಅಂಗಳದ ಹೊರಗೆ ನಿಲ್ಲಿಸಿದೆವು.

1894ರಲ್ಲಿ ಇಂದಿನ ಚೆಕ್ ದೇಶದ ಜ್ಲಿನ್ ಪಟ್ಟಣದಲ್ಲಿ ಹುಟ್ಟಿದ ಬಾಟಾ ಸಂಸ್ಥೆ 1931ರಲ್ಲಿ ಭಾರತದಲ್ಲಿ ನೆಲೆಯೂರಿತು. ಕಲ್ಕತ್ತೆಯ ಬಳಿ ಅದರ ಹೆಸರಿನಲ್ಲೇ ಬಾಟಾನಗರ ಬೆಳೆಯಿತು. ಯಂತ್ರವು ಒಂದೇ ಅಚ್ಚಿನಲ್ಲಿ ಸಾವಿರಾರು ಜೋಡುಗಳನ್ನು ತಯಾರಿಸಿತು, ಬೆಲೆ ಇಳಿಯಿತು, ಬರಿಗಾಲಿನ ಬಡವನಿಗೂ ಮೆಟ್ಟು ದೊರೆಯಿತು. ಈ ಉಪಕಾರವನ್ನು ಮರೆಯಲಾಗದು. ಆದರೆ ಅದೇ ಪ್ರವಾಹದಲ್ಲಿ ಹಳ್ಳಿಯ ಕುಶಲಕರ್ಮಿ ಕಸುಬನ್ನು ಕಳೆದುಕೊಂಡು, ಪೇಟೆಯ ಮೂಲೆಯಲ್ಲಿ ಹರಿದ ಜೋಡುಗಳ ರಿಪೇರಿಗೆ ಕುಳಿತನು.

ಉತ್ತರ ಕರ್ನಾಟಕದಲ್ಲಿ ಕಸುಬು ಇನ್ನೂ ಉಳಿದಿದೆ. ಅಥಣಿ, ನಿಪ್ಪಾಣಿಗಳ ಕೈಗಳೂ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂದಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಅದರಲ್ಲಿ ಸೇರಿದುವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನಲ್ಲಿ ಇದೇ ಮಾದರಿಯನ್ನು ಮೂಲದ ಹೆಸರೆತ್ತದೆ ಪ್ರದರ್ಶಿಸಿತು; ಆಕ್ಷೇಪಗಳೆದ್ದ ಬಳಿಕವೇ ಭಾರತದ ಋಣವನ್ನು ಒಪ್ಪಿಕೊಂಡಿತು.

ಮಿಲಾನಿನವರನ್ನು ದೂರುವುದು ಸುಲಭ. ಹೊಲಿದವನ ಹೆಸರನ್ನು ಕೇಳದೆ ಮೆಟ್ಟಿ ನಡೆದ ಅಭ್ಯಾಸ ನಮ್ಮದೂ ಅಲ್ಲವೇ? ಕೈಯಿಂದ ಹೊಲಿದ ಜೋಡಿಗೆ ಚೌಕಾಸಿ ಮಾಡುವ ಮುನ್ನ, ನಾವು ಉಳಿಸುವ ಆ ಹಣ ಯಾರ ಅನ್ನದ್ದೆಂದು ಒಮ್ಮೆ ಆಲೋಚಿಸುವುದು ಉಚಿತ.