ಬಿಳಿಗಣ್ಣಿನ ನೊಣ ಹೇಳಿದ ಲೆಕ್ಕ

ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಡ್ರಾಸೊಫಿಲ. ಅನುವಂಶೀಯತೆಯ ದೊಡ್ಡದೊಂದು ಒಗಟು ಬಿಡಿಸಿದ ಕೀರ್ತಿ ಇದಕ್ಕೆ ಸಲ್ಲಬೇಕು.

ಬಟಾಣಿ ಗಿಡಗಳನ್ನು ಬೆಳೆಸಿ, ಗುಣಗಳು ಮುಂದಿನ ಪೀಳಿಗೆಗೆ ಇಳಿಯುವ ನಿಯಮಗಳನ್ನು ಮೆಂಡೆಲ್ 1866ರಲ್ಲೇ ಪ್ರಕಟಿಸಿದ್ದ. ಜಗತ್ತು ಅದನ್ನು ಗಮನಿಸಿದ್ದು 1900ರಲ್ಲಿ. ಆದರೆ ಗುಣಗಳನ್ನು ಹೊತ್ತು ತರುವ ವಂಶವಾಹಿ ಜೀವಕೋಶದಲ್ಲಿ ಎಲ್ಲಿದೆ? ವರ್ಣತಂತುಗಳಲ್ಲಿ ಎಂದು ಕೆಲವರು ಊಹಿಸಿದ್ದರು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ಥಾಮಸ್ ಹಂಟ್ ಮಾರ್ಗನ್ ಅದನ್ನು ನಂಬಿರಲಿಲ್ಲ.

1910ರಲ್ಲಿ ಆತನ ಸೀಸೆಯೊಂದರಲ್ಲಿ, ಕೆಂಗಣ್ಣಿನ ನೊಣಗಳ ನಡುವೆ, ಬಿಳಿಗಣ್ಣಿನ ಒಂದು ಗಂಡು ಕಾಣಿಸಿತು. ಅದನ್ನು ಕೆಂಗಣ್ಣಿನ ಹೆಣ್ಣುಗಳೊಡನೆ ಕೂಡಿಸಿದಾಗ ಹುಟ್ಟಿದ ಮರಿಗಳ ಕಣ್ಣು, ಮೂರನ್ನು ಬಿಟ್ಟರೆ, ಕೆಂಪೇ. ಆ ಕೆಂಗಣ್ಣಿನ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ಸಿಕ್ಕ ಎಣಿಕೆ ಹೀಗಿತ್ತು: ಕೆಂಗಣ್ಣಿನ ಹೆಣ್ಣು 2,459, ಕೆಂಗಣ್ಣಿನ ಗಂಡು 1,011, ಬಿಳಿಗಣ್ಣಿನ ಗಂಡು 782. ಬಿಳಿಗಣ್ಣಿನ ಹೆಣ್ಣು ಒಂದೂ ಇಲ್ಲ!

ಕಾರಣ ಸರಳ. ಹೆಣ್ಣಿಗೆ ಎರಡು ಎಕ್ಸ್ ವರ್ಣತಂತುಗಳು. ಗಂಡಿಗೆ ಒಂದು ಎಕ್ಸ್, ಒಂದು ವೈ. ಈ ಕಣ್ಣಿನ ಬಣ್ಣದ ವಂಶವಾಹಿ ಇರುವುದು ಎಕ್ಸ್‌ನಲ್ಲಿ ಮಾತ್ರ. ಮಗನಿಗೆ ಎಕ್ಸ್ ಬರುವುದು ತಾಯಿಯಿಂದ. ಹೀಗಾಗಿ ಅದರಲ್ಲಿ ಬಿಳಿಯ ವಂಶವಾಹಿ ಇದ್ದರೆ ಮರೆಮಾಚಲು ಇನ್ನೊಂದು ಎಕ್ಸ್ ಇರುವುದಿಲ್ಲ. ಮಗಳಿಗಾದರೋ ಕೆಂಗಣ್ಣಿನ ತಂದೆ ಕೊಟ್ಟ ಎಕ್ಸ್ ಆಸರೆ. ಹಾಗಾದರೆ ಬಿಳಿಗಣ್ಣಿನ ಹೆಣ್ಣನ್ನು ಕೆಂಗಣ್ಣಿನ ಗಂಡಿಗೆ ಕೂಡಿಸಿದರೆ? ಗಂಡುಮಕ್ಕಳೆಲ್ಲ ಬಿಳಿಗಣ್ಣು, ಹೆಣ್ಣುಮಕ್ಕಳೆಲ್ಲ ಕೆಂಗಣ್ಣು ಆಗಬೇಕು. ಬಹುಮಟ್ಟಿಗೆ ಹಾಗೆಯೇ ಆಯಿತು. ಸಂಶಯಿಯಾಗಿದ್ದ ಮಾರ್ಗನ್ ಮನಸ್ಸು ಬದಲಾಯಿಸಿದ.

ಆದರೂ ಅಪರೂಪಕ್ಕೊಮ್ಮೆ ಅಂಥ ಜೋಡಿಗೆ ಬಿಳಿಗಣ್ಣಿನ ಹೆಣ್ಣುಮರಿ ಹುಟ್ಟುತ್ತಿತ್ತು. ಲೆಕ್ಕ ತಪ್ಪಿತೇ? ಮಾರ್ಗನ್‌ನ ಶಿಷ್ಯ ಕಾಲ್ವಿನ್ ಬ್ರಿಡ್ಜಸ್ ಬೇರೆ ರೀತಿ ಯೋಚಿಸಿದ. ತಾಯಿಯ ಎರಡು ಎಕ್ಸ್‌ಗಳೂ ಬೇರ್ಪಡದೆ ಒಂದೇ ಅಂಡಾಣು ಸೇರಿರಬೇಕು. ತಂದೆಯಿಂದ ವೈ ಬಂದಿರಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಹೆಣ್ಣುಗಳ ಕೋಶಗಳಲ್ಲಿ ಎರಡು ಎಕ್ಸ್, ಜೊತೆಗೊಂದು ವೈ ಇದ್ದವು. 1916ರಲ್ಲಿ ಆತ ವಿವರವಾಗಿ ಪ್ರಕಟಿಸಿದ ಈ ಶೋಧದಿಂದ, ನಿಯಮ ಮೀರಿದ ನೊಣಗಳೇ ನಿಯಮಕ್ಕೆ ಸಾಕ್ಷಿಯಾದವು.

ಮಾರ್ಗನ್‌ಗೆ 1933ರಲ್ಲಿ ನೊಬೆಲ್ ಬಹುಮಾನ ಬಂದಿತು. ನೊಣದ ಈ ಲೆಕ್ಕ ಮನುಷ್ಯನಿಗೂ ಅನ್ವಯಿಸುತ್ತದೆ. ಕೆಂಪು-ಹಸಿರು ಭೇದ ತಿಳಿಯದ ವರ್ಣಗುರುಡು ತಂದೆಯಿಂದ ಮಗನಿಗೆ ಇಳಿಯುವುದಿಲ್ಲ. ಮಗಳಲ್ಲಿ ಸಾಮಾನ್ಯವಾಗಿ ಅಡಗಿ ಕುಳಿತು, ಅವಳ ಮಗನಲ್ಲಿ ಕಾಣಿಸಿಕೊಳ್ಳಬಹುದು. ಅಂಥ ತಾಯಿಯ ಪ್ರತಿಯೊಬ್ಬ ಮಗನಿಗೂ ಆ ಸಾಧ್ಯತೆ ಅರ್ಧಕ್ಕರ್ಧ. ಮೊಮ್ಮಗನ ಕಣ್ಣಿನಲ್ಲಿ ಕಂಡ ದೋಷ ತಾತನಿಂದ ಬಂದದ್ದು ಎಂದರೆ ಈಗ ಅದು ಬರಿಯ ಊಹೆಯಲ್ಲ.