ಎರಡನೇ ತಿದ್ದುಪಡಿಯ ಪರೀಕ್ಷೆ: ಕನ್ನಡ ವಿಕಿಪೀಡಿಯದಲ್ಲಿ ಕಿಡಿಗೇಡಿಗಳು ಮತ್ತು ಹೊಸಬರು

ಭೀಮರಾಯನಗುಡಿ ಶಹಾಪುರ ತಾಲ್ಲೂಕಿನ ಊರು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವ ಮುನ್ನ ಅದು ಗುಲ್ಬರ್ಗಾ ಜಿಲ್ಲೆಗೆ ಸೇರಿತ್ತು. ವಿಕಿಪೀಡಿಯದ ಹಳೆಯ ಲೇಖನವೊಂದರಲ್ಲಿ ‘ಗುಲ್ಬರ್ಗಾ ಜಿಲ್ಲೆ’ ಎಂದೇ ಉಳಿದಿರುವುದನ್ನು ಅಲ್ಲಿನ ಕೃಷಿ ಕಾಲೇಜಿನ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲೇ ‘ಯಾದಗಿರಿ’ ಎಂದು ತಿದ್ದಿದ ಎಂದುಕೊಳ್ಳೋಣ. ಖಾತೆ ತೆರೆದಿಲ್ಲ, ಆಧಾರ ಕೊಟ್ಟಿಲ್ಲ, ಕಾರಣ ಬರೆದಿಲ್ಲ. ಒಂದು ಆವರಣ ಚಿಹ್ನೆ ಅಳಿಸಿಹೋಗಿ ಪುಟದ ಪಟ್ಟಿಯೂ ಕೆಟ್ಟಿದೆ. ಇನ್ನೊಬ್ಬ ಬರೀ ಕೀಟಲೆಗೆ ಅದೇ ಜಾಗದಲ್ಲಿ ‘ವಿಜಯಪುರ’ ಎಂದು ಹಾಕುತ್ತಾನೆ. ಊರಿನ ಪರಿಚಯವಿಲ್ಲದ ನಿರ್ವಾಹಕರ ಕಣ್ಣಿಗೆ ತಿದ್ದುಪಡಿಗಳ ಇತಿಹಾಸದ ಪುಟದಲ್ಲಿ ಎರಡೂ ಒಂದೇ. ಮೊದಲ ತಿದ್ದುಪಡಿ ನೋಡಿ ಆಳನ್ನು ಅಳೆಯಲಾಗದು. ತಿಳಿಹೇಳಿದ ಮೇಲೆ ಬರುವ ಎರಡನೆಯದನ್ನು ನೋಡಬೇಕು ಎಂಬುದು ಈ ಟಿಪ್ಪಣಿಯ ವಾದ.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಅದರಂಥ ಸಣ್ಣ ಸಮುದಾಯಕ್ಕೆ ದೊಡ್ಡದರ ಅನುಭವ ಎಚ್ಚರಿಕೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರ ನಂತರ ಇಳಿಯತೊಡಗಿತು. ಆರನ್ ಹಾಫೇಕರ್ ಮತ್ತು ಸಂಗಡಿಗರು 2013ರಲ್ಲಿ ಇದರ ಕಾರಣ ಹುಡುಕಿದಾಗ, ಹೊಸಬರ ಗುಣಮಟ್ಟ ಕುಸಿದಿಲ್ಲವೆಂದು ಕಂಡುಬಂತು. ಕಿಡಿಗೇಡಿಗಳನ್ನು ತಡೆಯಲು ತಂದ ಅರೆಸ್ವಯಂಚಾಲಿತ ಸಾಧನಗಳು ಸದುದ್ದೇಶದ ಹೊಸಬರ ಬರಹವನ್ನೂ ಸರಸರನೆ ರದ್ದು ಮಾಡುತ್ತಿದ್ದವು. ಹಾಗೆ ತಿರಸ್ಕೃತರಾದವರಲ್ಲಿ ಹಲವರು ಮತ್ತೆ ಬರಲಿಲ್ಲ.

ಹಾಗಾದರೆ ಖಾತೆ ಕಡ್ಡಾಯ ಮಾಡಿದರೆ? ಬೆಂಜಮಿನ್ ಮಾಕೊ ಹಿಲ್ ಮತ್ತು ಆರನ್ ಶಾ ಇಂಥ ನಿಯಮ ತಂದ 136 ವಿಕಿಗಳನ್ನು ಪರಿಶೀಲಿಸಿದ್ದಾರೆ. ಹೊಸ ಖಾತೆಗಳು ತುಸು ಹೆಚ್ಚಿದವು, ಕಳಪೆ ಬರಹ ಕಡಿಮೆಯಾಯಿತು. ಆದರೆ ಒಳ್ಳೆಯ ಬರಹವೂ ಕಡಿಮೆಯಾಯಿತು, ಅದೂ ಮೊದಲೇ ಖಾತೆ ಇದ್ದವರಿಂದಲೂ. ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಯ ರೈತರಿಗೆ ಇದು ಹೊಸದಲ್ಲ: ಮೇಲ್ಭಾಗದಲ್ಲಿ ಅಕ್ರಮವಾಗಿ ನೀರೆತ್ತುವವರನ್ನು ತಡೆಯಲು ಗೇಟನ್ನೇ ಇಳಿಸಿದರೆ ಒಣಗುವುದು ಕಾಲುವೆಯ ತುದಿ ಭಾಗದ ಹೊಲ.

ಐಪಿ ವಿಳಾಸ ನಿರ್ಬಂಧಕ್ಕೂ ಇದೇ ತೊಡಕು. ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ಒಬ್ಬನ ಕೀಟಲೆಗೆ ಸುರಪುರದ ಇನ್ಯಾರೋ ದಂಡ ತೆರುತ್ತಾರೆ.

ಹೆಚ್ಚು ಉಪಯುಕ್ತವಾದ ಸುಳಿವು ವಿಕಿಮೀಡಿಯ ಫೌಂಡೇಶನ್ 2015ರಲ್ಲಿ ಬಳಕೆಗೆ ತಂದ ‘ಓರೆಸ್’ ವ್ಯವಸ್ಥೆಯಲ್ಲಿದೆ. ತಿದ್ದುಪಡಿಯಿಂದ ಪುಟಕ್ಕೆ ಹಾನಿಯಾಗಿದೆಯೇ ಮತ್ತು ಅದನ್ನು ಸದುದ್ದೇಶದಿಂದ ಮಾಡಲಾಗಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಅದು ಬೇರೆಬೇರೆಯಾಗಿ ಕೇಳುತ್ತಿತ್ತು. ನಮ್ಮ ವಿದ್ಯಾರ್ಥಿ ಎರಡಕ್ಕೂ ‘ಹೌದು’. ಅವನಿಗೆ ಬೇಕಾದದ್ದು ಪಟ್ಟಿ ಸರಿಪಡಿಸುವ ಒಂದು ಕೈ, ಆಧಾರ ಸೇರಿಸುವುದು ಹೇಗೆಂದು ಚರ್ಚೆಪುಟದಲ್ಲಿ ತಿಳಿಗನ್ನಡದ ಎರಡು ಸಾಲು. ಹೇಳಿದ ಮೇಲೂ ಅದೇ ಕಿಡಿಗೇಡಿತನ ಮರುಕಳಿಸಿದರೆ ನಿರ್ಬಂಧಕ್ಕೆ ಯಾರ ಆಕ್ಷೇಪವೂ ಇರದು. ಬೈಗುಳ, ಖಾಸಗಿ ವಿವರ ಬಯಲುಮಾಡುವುದು ಇವಕ್ಕೆ ಮಾತ್ರ ಎರಡನೇ ಅವಕಾಶ ಬೇಡ.

ಇದರಿಂದ ಮೂರು ಸೂತ್ರಗಳು ಹೊರಡುತ್ತವೆ. ದಾಳಿಗೀಡಾದ ಪುಟಕ್ಕಷ್ಟೇ, ಅದೂ ಗೊತ್ತಾದ ಅವಧಿಗೆ ಸಂರಕ್ಷಣೆ. ಐಪಿ ನಿರ್ಬಂಧಿಸಿದಾಗಲೂ ಖಾತೆ ತೆರೆಯಲು ಅವಕಾಶ. ರದ್ದತಿಯ ಜೊತೆಗೆ ಕಾರಣ. ನಿರ್ವಾಹಕರ ಕೆಲಸವನ್ನು ರದ್ದತಿಗಳ ಲೆಕ್ಕದಿಂದ ಅಳೆಯುವುದಕ್ಕಿಂತ, ರದ್ದಾದ ಮೇಲೂ ಮರಳಿ ಬಂದು ಬರೆದ ಹೊಸಬರ ಲೆಕ್ಕದಿಂದ ಅಳೆಯುವುದು ಮೇಲು.