ಲೋಕದ ಚರಿತ್ರೆ ರೂಪುಗೊಂಡ ಬಗೆ

ಸುಮೇರಿನ ನಗರಗಳಿಂದ ಹೊರಟು ಈಜಿಪ್ಟ್, ಸಿಂಧೂ ಬಯಲು, ಚೀನಾ, ಗ್ರೀಸ್, ರೋಮ್‌ಗಳನ್ನು ಹಾದು ಕೈಗಾರಿಕಾ ಕ್ರಾಂತಿ ಮತ್ತು ಎರಡು ಮಹಾಯುದ್ಧಗಳವರೆಗೆ ಬರುವ ಪಾಠಕ್ರಮ ಇಂದು ಹಲವು ಕಡೆ ಬಳಕೆಯಲ್ಲಿದೆ. ಇನ್ನೂರು ವರ್ಷಗಳ ಹಿಂದೆ ಇಂಥ ಪಾಠ ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ. ಸುಮೇರರು ಎಂಬ ಜನ ಇದ್ದರೆಂಬುದೇ ಆಗ ವಿದ್ವಾಂಸರಿಗೆ ಗೊತ್ತಿರಲಿಲ್ಲ. ಹರಪ್ಪ ಬರಿಯ ಮಣ್ಣಿನ ದಿಬ್ಬವಾಗಿತ್ತು. ಲೋಕದ ಚರಿತ್ರೆಯ ಎಲ್ಲೆ ಹಿಗ್ಗಿದ್ದು ಹೊಸ ಸಾಕ್ಷ್ಯಗಳು ಸಿಕ್ಕಾಗ, ಅವನ್ನು ಓದುವ ವಿದ್ಯೆ ಕೈಗೂಡಿದಾಗ.

ತಮ್ಮ ನಾಡಿನಾಚೆಗೂ ಕಣ್ಣು ಹಾಯಿಸಿದ ಚರಿತ್ರಕಾರರು ಪ್ರಾಚೀನ ಕಾಲದಲ್ಲೇ ಇದ್ದರು. ಕ್ರಿ.ಪೂ. 5ನೇ ಶತಮಾನದ ಹೆರೊಡೊಟಸ್ ಗ್ರೀಕರಿಗೂ ಪರ್ಷಿಯನ್ನರಿಗೂ ನಡೆದ ಯುದ್ಧಗಳ ಕಥೆ ಹೇಳುತ್ತ, ಈಜಿಪ್ಟಿನವರ ಆಚಾರಗಳನ್ನೂ ಕಪ್ಪು ಸಮುದ್ರದಾಚೆಯ ಸಿಥಿಯನ್ನರ ಬದುಕನ್ನೂ ವಿವರವಾಗಿ ಬರೆದ. ಚೀನಾದ ಹಾನ್ ಆಸ್ಥಾನದಲ್ಲಿದ್ದ ಸಿಮಾ ಚಿಯಾನ್ ತಂದೆ ಆರಂಭಿಸಿದ್ದ ಕೆಲಸವನ್ನು ಮುಂದುವರಿಸಿ 130 ಅಧ್ಯಾಯಗಳ ‘ಶಿಜಿ’ಯನ್ನು ರಚಿಸಿದ. ಸೋತು ಶತ್ರುಗಳಿಗೆ ಸೆರೆಸಿಕ್ಕ ಸೇನಾನಿಯೊಬ್ಬನ ಪರ ಮಾತಾಡಿದ್ದಕ್ಕೆ ಚಕ್ರವರ್ತಿ ಅವನನ್ನು ಶಿಕ್ಷೆಗೆ ಗುರಿಮಾಡಿದ. ಗ್ರಂಥ ಅರ್ಧಕ್ಕೆ ನಿಲ್ಲಬಾರದೆಂದು ಸಿಮಾ ಚಿಯಾನ್ ಸಾವಿನ ಬದಲು ವೃಷಣಚ್ಛೇದದ ಅವಮಾನವನ್ನು ಒಪ್ಪಿಕೊಂಡ. ಅರಸರ ವೃತ್ತಾಂತಗಳ ಜೊತೆಗೆ ಕಾಲಪಟ್ಟಿಗಳು, ವ್ಯಕ್ತಿಚಿತ್ರಗಳು, ನೆರೆಯ ಅಲೆಮಾರಿ ಜನಾಂಗಗಳ ವಿವರಗಳು ಅವನ ಗ್ರಂಥದಲ್ಲಿವೆ.

ಮುಂದಿನ ದೊಡ್ಡ ಹೆಜ್ಜೆ ಬಿದ್ದದ್ದು ಮಂಗೋಲರ ಕಾಲದಲ್ಲಿ. ಚೀನಾದಿಂದ ಕಪ್ಪು ಸಮುದ್ರದವರೆಗಿನ ನಾಡುಗಳು ಒಂದೇ ರಾಜಮನೆತನದ ಕವಲುಗಳ ಕೈಗೆ ಬಂದಿದ್ದರಿಂದ ದೂರದೂರದ ವಿದ್ವಾಂಸರು ಒಂದೆಡೆ ಸೇರುವಂತಾಯಿತು. ಇರಾನಿನ ಮಂಗೋಲ್ ದೊರೆಗಳ ಬಳಿ ವೈದ್ಯನೂ ಮಂತ್ರಿಯೂ ಆಗಿದ್ದ ರಶೀದುದ್ದೀನ್ 14ನೇ ಶತಮಾನದ ಆರಂಭದಲ್ಲಿ ‘ಜಾಮಿ ಅಲ್-ತವಾರಿಖ್’ ಎಂಬ ಗ್ರಂಥವನ್ನು ಸಿದ್ಧಪಡಿಸಿದ. ಮಂಗೋಲರು, ಚೀನೀಯರು, ಯೆಹೂದ್ಯರು, ಯುರೋಪಿನ ಫ್ರಾಂಕರು, ಭಾರತೀಯರು ಎಲ್ಲರಿಗೂ ಅದರಲ್ಲಿ ಜಾಗವುಂಟು. ಭಾರತದ ಭಾಗಕ್ಕೆ ಕಮಲಶ್ರೀ ಎಂಬ ಕಾಶ್ಮೀರದ ಬೌದ್ಧ ಭಿಕ್ಷು ನೆರವಾದ. ಅದೇ ಶತಮಾನದಲ್ಲಿ ಟ್ಯುನಿಸ್‌ನಲ್ಲಿ ಹುಟ್ಟಿದ ಇಬ್ನ್ ಖಲ್ದೂನ್ ಇನ್ನೊಂದು ದಾರಿ ಹಿಡಿದ. ಘಟನೆಗಳನ್ನು ಪೋಣಿಸಿದರೆ ಸಾಲದು, ರಾಜ್ಯಗಳು ಏಳುವುದಕ್ಕೂ ಬೀಳುವುದಕ್ಕೂ ಕಾರಣ ತಿಳಿಯಬೇಕು ಎಂದು 1377ರಲ್ಲಿ ಬರೆದ ‘ಮುಕದ್ದಿಮಾ’ದಲ್ಲಿ ವಾದಿಸಿದ. ಮರುಭೂಮಿಯ ಕುಲಗಳನ್ನು ಒಗ್ಗೂಡಿಸುವ ಬಾಂಧವ್ಯವು ರಾಜ್ಯ ಕಟ್ಟುತ್ತದೆ, ನಗರದ ಸುಖಜೀವನ ಕೆಲವೇ ತಲೆಮಾರುಗಳಲ್ಲಿ ಅದನ್ನು ಸಡಿಲಿಸುತ್ತದೆ ಎಂಬುದು ಅವನ ವಿವರಣೆ.

ಯುರೋಪಿನಲ್ಲಿ ಬಹುಕಾಲ ಕಾಲಗಣನೆಯ ಚೌಕಟ್ಟು ಬೈಬಲಿನದೇ ಆಗಿತ್ತು. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಲೋಕಸೃಷ್ಟಿಯನ್ನು ಕ್ರಿ.ಪೂ. 4004ಕ್ಕೆ ನಿಗದಿ ಮಾಡಿದ್ದು 1650ರಲ್ಲಿ. ಆ ಲೆಕ್ಕದ ಜಲಪ್ರಳಯಕ್ಕಿಂತಲೂ ಹಿಂದಿನ ಅರಸರನ್ನು ಚೀನಾದ ವೃತ್ತಾಂತಗಳು ಹೆಸರಿಸುತ್ತವೆ ಎಂದು ಜೆಸ್ಯೂಟ್ ಪಾದ್ರಿಗಳು ತಿಳಿಸಿದಾಗ ಚೌಕಟ್ಟು ಅಲುಗಾಡತೊಡಗಿತು. ವೋಲ್ಟೇರ್ 1756ರಲ್ಲಿ ಪ್ರಕಟಿಸಿದ ತನ್ನ ಲೋಕಚರಿತ್ರೆಯನ್ನು ಚೀನಾದಿಂದಲೇ ಆರಂಭಿಸಿದ. ಪ್ರಾಚೀನ, ಮಧ್ಯಯುಗ, ಆಧುನಿಕ ಎಂಬ ವಿಭಜನೆಯನ್ನು ಪಠ್ಯಪುಸ್ತಕಗಳಲ್ಲಿ ನೆಲೆಗೊಳಿಸಿದವನು 17ನೇ ಶತಮಾನದ ಜರ್ಮನ್ ಪ್ರಾಧ್ಯಾಪಕ ಸೆಲ್ಲೇರಿಯಸ್. ರೋಮಿನ ಪತನವನ್ನೂ ಯುರೋಪಿನ ವಿದ್ಯಾಪುನರುಜ್ಜೀವನವನ್ನೂ ಮೈಲಿಗಲ್ಲಾಗಿ ಹಿಡಿದ ಈ ವಿಭಜನೆ ಬೇರೆ ನಾಡುಗಳಿಗೆ ಸಲೀಸಾಗಿ ಹೊಂದುವುದಿಲ್ಲ. 1817ರಲ್ಲಿ ಜೇಮ್ಸ್ ಮಿಲ್ ಭಾರತದ ಚರಿತ್ರೆಯನ್ನು ಹಿಂದೂ, ಮುಸ್ಲಿಂ, ಬ್ರಿಟಿಷ್ ಎಂದು ಮೂರಾಗಿ ಹೋಳುಮಾಡಿದ. ಅದರಿಂದಾದ ಹಾನಿ ಇನ್ನೂ ದೊಡ್ಡದು; ಒಂದೇ ಕಾಲದಲ್ಲಿ ಬಗೆಬಗೆಯ ಧರ್ಮಗಳ ಜನ ಕೂಡಿ ಬಾಳಿದ ಸಮಾಜಕ್ಕೆ ಅರಸನ ಧರ್ಮದ ಹಣೆಪಟ್ಟಿ ಅಂಟಿತು.

19ನೇ ಶತಮಾನದಲ್ಲಿ ಸತ್ತ ಲಿಪಿಗಳು ಮಾತಾಡತೊಡಗಿದವು. 1799ರಲ್ಲಿ ಈಜಿಪ್ಟಿನ ರೊಸೆಟ್ಟಾದಲ್ಲಿ ಸಿಕ್ಕ ಕಲ್ಲಿನ ಮೇಲೆ ಒಂದೇ ಶಾಸನ ಚಿತ್ರಲಿಪಿ, ಜನಬಳಕೆಯ ಡೆಮೋಟಿಕ್ ಲಿಪಿ, ಗ್ರೀಕ್ ಮೂರರಲ್ಲೂ ಇತ್ತು. ಅದರ ಸಹಾಯದಿಂದ ಫ್ರೆಂಚ್ ವಿದ್ವಾಂಸ ಶಾಂಪೋಲಿಯೋನ್ 1822ರಲ್ಲಿ ಚಿತ್ರಲಿಪಿಯ ಗುಟ್ಟು ಬಿಡಿಸಿದ. ಮೆಸೊಪೊಟೇಮಿಯಾದ ಬೆಣೆಲಿಪಿಗೆ ಇರಾನಿನ ಬೆಹಿಸ್ತೂನ್ ಬಂಡೆಯ ಮೇಲಿನ ಪರ್ಷಿಯನ್ ಅರಸ ಡೇರಿಯಸನ ತ್ರಿಭಾಷಾ ಶಾಸನ ಕೀಲಿಯಾಯಿತು. ಆದರೂ ಆ ಓದನ್ನು ಹಲವರು ನಂಬಲಿಲ್ಲ. 1857ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿ ಒಂದು ಪರೀಕ್ಷೆ ಏರ್ಪಡಿಸಿತು. ಅಸ್ಸೀರಿಯಾದ ಅರಸ ಒಂದನೇ ತಿಗ್ಲಾತ್-ಪಿಲೇಸರನ ಶಾಸನವನ್ನು ರಾಲಿನ್‌ಸನ್, ಹಿಂಕ್ಸ್, ಟಾಲ್ಬೊಟ್, ಓಪ್ಪರ್ಟ್ ನಾಲ್ವರೂ ಒಬ್ಬರದನ್ನೊಬ್ಬರು ನೋಡದೆ ಅನುವಾದಿಸಿ ಮೊಹರು ಮಾಡಿದ ಲಕೋಟೆಗಳಲ್ಲಿ ಕಳಿಸಿದರು. ತೆರೆದು ಹೋಲಿಸಿದಾಗ ಮುಖ್ಯ ಸಂಗತಿಗಳೆಲ್ಲ ತಾಳೆಯಾದವು. ಅಸ್ಸೀರಿಯಾದ ನಿನೆವೆ ನಗರದ ಅರಮನೆಯಲ್ಲಿ ಸಿಕ್ಕಿದ್ದ ಸಾವಿರಾರು ಮಣ್ಣಿನ ಫಲಕಗಳು ಅಲ್ಲಿಂದಾಚೆ ಚರಿತ್ರೆಯ ಆಕರಗಳಾದವು. ಎರಡೂವರೆ ಸಾವಿರ ವರ್ಷಗಳಿಗೂ ಹಿಂದಿನ ಕಾಲ ಒಮ್ಮೆಗೇ ತೆರೆದುಕೊಂಡಿತು.

ಭಾರತದಲ್ಲಿ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಓದಿದ. ಆ ಲಿಪಿಯ ಶಾಸನಗಳಲ್ಲಿ ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದುಗಳು ಕಂಡವೇ ಹೊರತು ಅರಸನ ನಿಜನಾಮ ಕಾಣಲಿಲ್ಲ. ಸಿಂಹಳದ ಬೌದ್ಧ ಗ್ರಂಥಗಳ ನೆರವಿನಿಂದ ಅವನು ಅಶೋಕನೇ ಎಂದು ಊಹಿಸಲಾಗಿತ್ತು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಬಂಡೆಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇದ್ದು ಆ ಊಹೆ ಗಟ್ಟಿಯಾಯಿತು. ಅವನ 13ನೇ ಬಂಡೆಶಾಸನ ಸಿರಿಯಾ, ಈಜಿಪ್ಟ್, ಮ್ಯಾಸಿಡೋನಿಯಾಗಳ ಗ್ರೀಕ್ ದೊರೆಗಳನ್ನು ಹೆಸರಿಸುವುದರಿಂದ ಭಾರತದ ಕಾಲಗಣನೆಯನ್ನು ಪಶ್ಚಿಮದ ಕಾಲಗಣನೆಗೆ ಜೋಡಿಸಲು ದಾರಿಯಾಯಿತು.

ಚೀನಾದಲ್ಲಿ ನಡೆದದ್ದು ಇಷ್ಟೇ ಮಹತ್ವದ್ದು. ಔಷಧಿ ಅಂಗಡಿಗಳಲ್ಲಿ ‘ಡ್ರ್ಯಾಗನ್ ಮೂಳೆ’ ಎಂದು ಮಾರಾಟವಾಗುತ್ತಿದ್ದ ಎಲುಬುಗಳ ಮೇಲೆ ಪ್ರಾಚೀನ ಬರಹವಿರುವುದು 1899ರಲ್ಲಿ ಗಮನಕ್ಕೆ ಬಂತು. ಮಳೆ, ಬೆಳೆ, ಯುದ್ಧಗಳ ಬಗ್ಗೆ ಪ್ರಾಚೀನ ಶಾಂಗ್ ವಂಶದ ಅರಸರು ಪೂರ್ವಜರನ್ನು ಕೇಳಿದ ಶಕುನದ ಪ್ರಶ್ನೆಗಳು ಅವು. ಶಾಂಗ್ ವಂಶವೇ ಕಟ್ಟುಕಥೆ ಎಂಬ ಸಂಶಯವಿದ್ದ ದಿನಗಳಲ್ಲಿ ವಾಂಗ್ ಗುವೊವೈ ಎಂಬ ವಿದ್ವಾಂಸ ಎಲುಬುಗಳ ಮೇಲಿನ ಅರಸರ ಹೆಸರುಗಳನ್ನು ಸಿಮಾ ಚಿಯಾನನ ಪಟ್ಟಿಯೊಂದಿಗೆ ಹೋಲಿಸಿ 1917ರಲ್ಲಿ ಪ್ರಕಟಿಸಿದ. ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಎರಡೂ ಹೊಂದಿದವು. ತನಗಿಂತ ಸಾವಿರ ವರ್ಷ ಹಿಂದಿನ ಅರಸರ ಬಗ್ಗೆ ಆ ಹಳೆಯ ಚರಿತ್ರಕಾರ ಬರೆದದ್ದಕ್ಕೆ ನೆಲದಡಿಯಿಂದಲೇ ಸಾಕ್ಷಿ ಬಂದಿತ್ತು.

ಹರಪ್ಪದಲ್ಲಿ ದಯಾರಾಮ್ ಸಾಹ್ನಿ, ಮೊಹೆಂಜೊದಾರೊದಲ್ಲಿ ರಾಖಾಲ್‌ದಾಸ್ ಬ್ಯಾನರ್ಜಿ ನಡೆಸಿದ ಉತ್ಖನನಗಳ ಫಲವನ್ನು ಪುರಾತತ್ವ ಇಲಾಖೆಯ ಮುಖ್ಯಸ್ಥ ಜಾನ್ ಮಾರ್ಷಲ್ 1924ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅಲ್ಲಿನ ಮುದ್ರೆಗಳಂಥವೇ ಇರಾನ್ ಮತ್ತು ಮೆಸೊಪೊಟೇಮಿಯಾಗಳಲ್ಲೂ ಸಿಕ್ಕಿವೆ ಎಂದು ತಜ್ಞರು ಕೂಡಲೇ ಗುರುತಿಸಿದರು. ಭಾರತದ ನಗರಜೀವನ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹಿಂದೆ ಸರಿಯಿತು.

ಮೊದಲ ಮಹಾಯುದ್ಧದ ನಂತರ ಲೋಕಚರಿತ್ರೆ ಜನಸಾಮಾನ್ಯರ ಓದಾಯಿತು. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್‌ರ ಲೋಕಚರಿತ್ರೆಯ ಗ್ರಂಥಕ್ಕೆ ಅಪಾರ ಓದುಗರು ದೊರೆತರು. ಜವಾಹರಲಾಲ್ ನೆಹರೂ 1930ರಿಂದ 1933ರವರೆಗೆ ಸೆರೆಮನೆಯಿಂದ ಮಗಳು ಇಂದಿರಾಗೆ ಬರೆದ ಪತ್ರಗಳು ಏಷ್ಯಾಕ್ಕೆ ತಕ್ಕ ಸ್ಥಾನ ಕೊಟ್ಟ ಲೋಕಚರಿತ್ರೆಯಾದವು. ಆಫ್ರಿಕಾಕ್ಕೆ ಚರಿತ್ರೆಯೇ ಇಲ್ಲ ಎಂಬ ಯುರೋಪಿನ ಹಳೆಯ ಮಾತಿಗೆ ಉತ್ತರವಾಗಿ ಯುನೆಸ್ಕೊ 1964ರಲ್ಲಿ ಕೈಗೊಂಡ ಯೋಜನೆ ಎಂಟು ಸಂಪುಟಗಳ ಆಫ್ರಿಕಾ ಚರಿತ್ರೆಯನ್ನು ಕೊಟ್ಟಿತು. ಬಾಯಿಂದ ಬಾಯಿಗೆ ಬಂದ ವೃತ್ತಾಂತಗಳೂ ಅಲ್ಲಿ ಆಕರಗಳಾದವು. ವಿಲ್ಲರ್ಡ್ ಲಿಬ್ಬಿ ರೂಪಿಸಿದ ಇಂಗಾಲ-14ರ ಕಾಲನಿರ್ಣಯ ಬರಹವಿಲ್ಲದ ಸಮಾಜಗಳಿಗೂ ಕಾಲಾನುಕ್ರಮ ಒದಗಿಸಿತು. 1972ರಲ್ಲಿ ಆಲ್‌ಫ್ರೆಡ್ ಕ್ರಾಸ್ಬಿ, ಕೊಲಂಬಸನ ನಂತರ ಬೆಳೆಗಳೂ ಪ್ರಾಣಿಗಳೂ ರೋಗಗಳೂ ಸಾಗರ ದಾಟಿದ್ದನ್ನೇ ಚರಿತ್ರೆಯಾಗಿ ಬರೆದರು. ಸಿಡುಬು ಅಮೆರಿಕದ ಮೂಲನಿವಾಸಿಗಳಲ್ಲಿ ಅಸಂಖ್ಯ ಜನರನ್ನು ಬಲಿ ತೆಗೆದುಕೊಂಡದ್ದೂ, ಅಲ್ಲಿನ ಮೆಣಸಿನಕಾಯಿ, ಶೇಂಗಾ, ಮೆಕ್ಕೆಜೋಳ ಕರ್ನಾಟಕದ ಹೊಲಕ್ಕೂ ಅಡುಗೆಮನೆಗೂ ಬಂದು ಸೇರಿದ್ದೂ ಒಂದೇ ಚರಿತ್ರೆಯ ಎರಡು ಮುಖಗಳು.

ಈ ಕೆಲಸ ಮುಗಿದಿಲ್ಲ. ಸಿಂಧೂ ಲಿಪಿಯನ್ನೂ ಕ್ರೀಟ್ ದ್ವೀಪದ ಲೀನಿಯರ್ ಎ ಲಿಪಿಯನ್ನೂ ಯಾರೂ ಸರ್ವಸಮ್ಮತವಾಗಿ ಓದಿಲ್ಲ. 1995ರಿಂದ ಉತ್ಖನನ ನಡೆದ ತುರ್ಕಿಯ ಗೊಬೆಕ್ಲಿ ತೆಪೆಯಲ್ಲಿ ಸುಮಾರು ಹನ್ನೊಂದು ಸಾವಿರ ವರ್ಷ ಹಳೆಯ, ಕೆತ್ತನೆಯ ಕಲ್ಲುಕಂಬಗಳು ಸಿಕ್ಕಿ, ನೆಲೆನಿಂತು ಬೇಸಾಯ ಹಿಡಿದ ಮೇಲೆಯೇ ಮನುಷ್ಯರು ದೊಡ್ಡ ಕಟ್ಟಡ ಕಟ್ಟಿದರು ಎಂಬ ಎಣಿಕೆಯನ್ನು ಮರುಪರಿಶೀಲಿಸಬೇಕಾಗಿ ಬಂದಿದೆ. ಆದ್ದರಿಂದ ಲೋಕಚರಿತ್ರೆಯ ವಿದ್ಯಾರ್ಥಿ ಇಸವಿಗಳನ್ನು ಕಲಿಯುವುದರ ಜೊತೆಗೆ, ಪ್ರತಿ ಸಂಗತಿ ಯಾವ ಶಾಸನದಿಂದ, ಯಾವ ಅಗೆತದಿಂದ, ಯಾರ ಬರಹದಿಂದ ತಿಳಿದುಬಂತು ಎಂಬುದನ್ನೂ ಕಲಿಯಬೇಕಾಗುತ್ತದೆ.